ಒಂಬತ್ತನೆಯ ಠಾಣೆಯ ಸಿಪಾಯಿ

ಯಸಳೂರು
9 ಫೆಬ್ರವರಿ 1998

ಲೇಖಕರಾದ ಶ್ರೀ ರಂಗಸ್ವಾಮಿಯವರಿಗೆ ನಮಸ್ಕಾರ.

ನಿಮ್ಮ ‘ತಾರಾ ದಂಡು’ ಕಾದಂಬರಿಯ ಕೊನೆಯ ಪುಟದಲ್ಲಿ ತಿಪಟೂರಿನ ವಿಳಾಸ ಕೊಟ್ಟು, ಓದುಗರು ಅಭಿಪ್ರಾಯ ತಿಳಿಸಬಹುದು ಎಂದು ಅಚ್ಚು ಹಾಕಿಸಿದ್ದೀರಿ. ತಪ್ಪು ಮಾಡಿದಿರಿ ಸ್ವಾಮಿ. ನಮ್ಮಲ್ಲಿ ಹದಿನಾಲ್ಕು ಜನ ಓದುಗರಿದ್ದೇವೆ. ಅವರಲ್ಲಿ ಹನ್ನೆರಡು ಜನಕ್ಕೆ ಓದಲು ಬರುವುದಿಲ್ಲ.

ವಿಷಯ ಏನೆಂದರೆ, ನಾನು ಇಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ನೀವು ಬರೆಯುವಂಥದ್ದೇನೂ ನಾನು ಬರೆಯುವುದಿಲ್ಲ, ಹಾಜರಿ ಬರೆಯುತ್ತೇನೆ. ಒಣಗಿದ ಕಾಫಿ ಬೀಜವನ್ನು ಸ್ಟೋರಿನಲ್ಲಿ ಮೊರಕ್ಕೆ ಹಾಕಿಕೊಂಡು, ಕಪ್ಪಾದದ್ದು, ಒಡೆದದ್ದು, ಹುಳ ಕೊರೆದದ್ದನ್ನು ಆರಿಸಿ ತೆಗೆಯುವುದು ಹೆಂಗಸರ ಕೆಲಸ. ಬೆಳಗಿನಿಂದ ಸಂಜೆವರೆಗೆ ಕಣ್ಣು, ಬೆರಳು ಎರಡಕ್ಕೇ ಕೆಲಸ. ಬಾಯಿ ಖಾಲಿ. ಖಾಲಿ ಬಾಯಿ ಹತ್ತು ಸೇರಿದರೆ ಜಗಳ ಆಗದೆ ಇರುತ್ತದೆಯೇ? ಅದಕ್ಕೇ ಮೂರು ವರ್ಷದಿಂದ ನಾನು ಸ್ಟೂಲಿನ ಮೇಲೆ ಕುಳಿತು ಗಟ್ಟಿಯಾಗಿ ಕಥೆ ಓದುತ್ತೇನೆ. ರಾಜರಾಣಿಯರ ಕಥೆಗಳು ಮುಗಿದವು, ಪತ್ತೇದಾರಿ ಮುಗಿದವು. ಈ ವರ್ಷ ಸಕಲೇಶಪುರದ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನಿಮ್ಮ ಪುಸ್ತಕ ಸಿಕ್ಕಿತು. ಆಕಾಶದಲ್ಲಿ ಯುದ್ಧ ಅಂದರೆ ಇವರು ಕೇಳುತ್ತಾರೋ ಇಲ್ಲವೋ ಎಂದು ಅಳುಕಿತ್ತು. ಈಗ ನಾನು ಒಂದು ಗುಟುಕು ನೀರು ಕುಡಿಯಲು ನಿಲ್ಲಿಸಿದರೂ ಬೈಯುತ್ತಾರೆ.

ಅಭಿಪ್ರಾಯಗಳನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸುಲೋಚನಮ್ಮ: “ಮೂರು ವರ್ಸದಿಂದ ಹಡಗಲ್ಲೇ ಅವ್ರೆ. ಒಂದ್ ದಿನ ಆದ್ರೂ ಏನ್ ಸಾರು ಮಾಡಿದ್ರು ಅಂತ ಬರ್ದವ್ರಾ? ಬರ್ದೋರು ಗಂಡಸು ಅಂತ ಅಲ್ಲೇ ಗೊತ್ತಾಯ್ತದೆ.”

ವಿಶಾಲಮ್ಮ: “ಕಮಾಂಡರ್ ವಸುಂಧರಾ ಯಾರ್ಗೂ ಒಂದ್ ಮಾತು ಬೈಯಾಕಿಲ್ಲ. ಅದೆಂಥ ಕಮಾಂಡ್ರು? ನಮ್ ರೈಟ್ರೇ ವಾಸಿ.”

ಕಣ ಕಾಯುವ ಗುಂಡಯ್ಯ ಬಾಗಿಲಲ್ಲಿ ನಿಂತೇ ಕೇಳುತ್ತಾನೆ. ಅವನದು: “ಬೆಳಕಿನ ಕೋವಿ ಅಂತೀರಿ, ಹೊಗೆ ಇಲ್ಲ ಸದ್ದಿಲ್ಲ. ಅಂಥ ಕೋವಿಗೆ ಹಂದಿನೂ ಹೆದ್ರಾಕಿಲ್ಲ ಕಣ್ರೀ.”

ಓದು ಬರುವವರು ಇಬ್ಬರೇ. ನಾನು, ಮತ್ತೆ ಏಳನೇ ಕ್ಲಾಸು ಓದಿರುವ ಚಂದ್ರಿಕಾ. ಅವಳು ಮಾತಾಡುವುದು ಕಡಿಮೆ.

ಕೊನೆಯದಾಗಿ ಭೂತಮ್ಮ ಎಂಬ ವಯಸ್ಸಾದ ಹೆಂಗಸಿನ ಪ್ರಶ್ನೆ. ಹಿಮದ ಉಪಗ್ರಹದ ಒಂಬತ್ತನೆಯ ಠಾಣೆಯಲ್ಲಿ ವೈರ್‌ಲೆಸ್ ಸಿಪಾಯಿ ಬೀರೇಶ ಒಬ್ಬನೇ ಉಳಿದುಬಿಟ್ಟ. ಉಳಿದವರನ್ನು ಹಡಗು ಹತ್ತಿಸಿ, ಬಾಗಿಲು ಹಾಕಿಕೊಂಡ. ಅವನ ವೈರ್‌ಲೆಸ್ಸು ಮಿಡಿಯುತ್ತಲೇ ಇತ್ತು ಎಂದು ಪುಸ್ತಕ ಮುಗಿಸಿದ್ದೀರಿ. “ಎರಡ್ನೇ ಭಾಗದಲ್ಲಿ ಆ ಹುಡ್ಗ ಬತ್ತಾನಾ?” ಎಂದು ಭೂತಮ್ಮ ದಿನಾ ಕೇಳುತ್ತಾರೆ. ಅವರ ಮಗನೂ ಮಿಲಿಟರಿಗೆ ಸೇರಿದವನು. ದಯವಿಟ್ಟು ಒಂದು ಸಾಲು ಬರೆಯಿರಿ.

ಇಂತಿ ನಿಮ್ಮ
ರುದ್ರಯ್ಯ


ತಿಪಟೂರು
27 ಫೆಬ್ರವರಿ 1998

ಶ್ರೀ ರುದ್ರಯ್ಯನವರಿಗೆ ನಮಸ್ಕಾರಗಳು.

ಪತ್ರ ತಲುಪಿತು. ಪುಸ್ತಕ ಬಂದು ಒಂದೂವರೆ ವರ್ಷವಾಯಿತು. ಇದುವರೆಗೆ ಬಂದ ಓದುಗರ ಪತ್ರಗಳು ಏಳು, ಅವುಗಳಲ್ಲಿ ಎರಡು ಗ್ರಹಗಳ ದೂರ ತಪ್ಪು ಎಂದು ತೋರಿಸಿಕೊಟ್ಟವು. ನಿಮ್ಮದು ಎಂಟನೆಯದು. ನಾನು ಇದನ್ನು ನಾಲ್ಕು ಸಲ ಓದಿದೆ. ನಾನು ಒಂಟಿ ಮನುಷ್ಯ. ಸಾರಿನ ವಿಷಯ ಮರೆತದ್ದು ನಿಜ. ಸುಲೋಚನಮ್ಮನವರ ಕ್ಷಮೆ ಕೇಳಿದೆನೆಂದು ತಿಳಿಸಿ.

ಎರಡನೆಯ ಭಾಗವನ್ನು ಬರೆದು ಮುಗಿಸಿದ್ದೇನೆ. ಪ್ರಕಾಶಕರು ವರ್ಷದ ಕೊನೆಗೆ ತರುತ್ತಾರಂತೆ. ಕಥೆಯನ್ನು ಮೊದಲೇ ಹೇಳುವುದು ಸರಿಯಲ್ಲ. ಇಷ್ಟು ಹೇಳಬಲ್ಲೆ: ಆ ಹಡಗು, ವಜ್ರನೌಕೆ, ತಿರುಗಿ ಒಂಬತ್ತನೆಯ ಠಾಣೆಗೆ ಹೋಗುತ್ತದೆ. ಬೀರೇಶನನ್ನು ಯಾರೂ ಮರೆತಿಲ್ಲ.

ಭೂತಮ್ಮನವರ ಮಗ ಈಗ ಯಾವ ಊರಲ್ಲಿದ್ದಾರೆ? ನಾನೂ ಇಪ್ಪತ್ತಾರು ವರ್ಷ ಸೇನೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಕೋವಿ ಹಿಡಿದವನಲ್ಲ, ಟೈಪ್‌ರೈಟರ್ ಮಾತ್ರ.

ವಿಶ್ವಾಸದ
ರಂಗಸ್ವಾಮಿ


ಯಸಳೂರು
15 ಮಾರ್ಚ್ 1998

ಮಾನ್ಯರೇ,

ನಿಮ್ಮ ಕಾಗದವನ್ನು ಸ್ಟೋರಿನಲ್ಲಿ ಎಲ್ಲರೆದುರು ಓದಿದೆ. ಹಡಗು ತಿರುಗಿ ಹೋಗುತ್ತದೆ ಎಂಬ ಸಾಲಿಗೆ ಬಂದಾಗ ಭೂತಮ್ಮ ಮೊರ ಕೆಳಗಿಟ್ಟು, “ಇನ್ನೊಂದ್ ಸಲ ಓದು ರೈಟ್ರಪ್ಪ” ಅಂದರು. ಮೂರು ಸಲ ಓದಿಸಿದರು.

ಹಿಂದಿನ ಕಾಗದದಲ್ಲಿ ಒಂದು ಮಾತು ಮುಚ್ಚಿಟ್ಟಿದ್ದೆ. ಗುರುತಿಲ್ಲದವರಿಗೆ ಹೇಗೆ ಹೇಳುವುದು ಎಂದು ಸಂಕೋಚವಾಗಿತ್ತು. ಭೂತಮ್ಮನ ಮಗ ಶಿವು ಯಾವ ಊರಲ್ಲಿದ್ದಾನೆ ಎಂದು ಕೇಳಿದ್ದೀರಿ. ಅದು ಯಾರಿಗೂ ಗೊತ್ತಿಲ್ಲ. ತೊಂಬತ್ತನಾಲ್ಕರ ಜನವರಿಯಲ್ಲಿ, ಉತ್ತರದ ಗಡಿಯಲ್ಲಿ, ಹಿಮದ ಗುಡ್ಡ ಜಾರಿ ಐದು ಜನ ಸಿಕ್ಕಿಹಾಕಿಕೊಂಡರು. ನಾಲ್ಕು ಜನರ ಹೆಣ ಸಿಕ್ಕಿತು. ಶಿವು ಸಿಗಲಿಲ್ಲ. ಮಿಲಿಟರಿಯಿಂದ ಬಂದ ಇಂಗ್ಲಿಷ್ ಕಾಗದವನ್ನು ಆಕೆಗೆ ಓದಿ ಹೇಳಿದವನು ನಾನೇ. ‘ಕಾಣೆಯಾಗಿದ್ದಾರೆ’ ಅಂತ ಇತ್ತು, ಹಾಗೇ ಹೇಳಿದೆ. “ಕಾಣೆ ಅಂದ್ರೆ ಇನ್ನೂ ಹುಡುಕ್ತಾವ್ರೆ ಅಂತ ತಾನೆ?” ಅಂತ ಕೇಳಿದರು. ಹೌದು ಅಂದುಬಿಟ್ಟೆ. ನಾಲ್ಕು ವರ್ಷ ಆಯಿತು.

ಚಂದ್ರಿಕಾ ಎಂದು ಬರೆದಿದ್ದೆನಲ್ಲ, ಅವಳು ಶಿವುವಿನ ಹೆಂಡತಿ. ಮದುವೆಯಾಗಿ ನಲವತ್ತು ದಿನ ಗಂಡನ ಜೊತೆ ಇದ್ದಳು, ಅವನ ರಜೆ ಅಷ್ಟೇ ಇದ್ದದ್ದು. ಈಗ ಅವಳಿಗೆ ಇಪ್ಪತ್ತನಾಲ್ಕು. ಅತ್ತೆ ಸೊಸೆ ಎಸ್ಟೇಟಿನ ಲೈನ್ ಮನೆಯಲ್ಲಿ ಇಬ್ಬರೇ ಇದ್ದಾರೆ. ಹೋದ ತಿಂಗಳು ಕೆ. ಹೊಸಕೋಟೆಯ ಕುಮಾರ್ ಎಂಬುವನು, ಜೀಪು ಓಡಿಸುವವನು, ಹೆಂಡತಿ ತೀರಿಕೊಂಡವನು, ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದು ಚಂದ್ರಿಕಾಳನ್ನು ಕೇಳಿದ. ಇವರಲ್ಲಿ ಕೂಡಾವಳಿ ಎಂದು ಎರಡನೆಯ ಮದುವೆಯ ಪದ್ಧತಿ ಇದೆ. ಓಲಗ ಊಟ ಏನೂ ಇಲ್ಲ. ಆದರೆ ಮೊದಲ ಗಂಡನ ತಾಯಿ ತನ್ನ ಕೈಯಾರೆ ಒಂದು ಹೊಸ ಸೀರೆ ಕೊಟ್ಟು ಕಳುಹಿಸಬೇಕು. ಆ ಸೀರೆ ಇಲ್ಲದೆ ಯಾವ ಹಿರಿಯನೂ ಒಪ್ಪುವುದಿಲ್ಲ.

ಭೂತಮ್ಮ ಏನಂದರು ಗೊತ್ತೇ? “ಮೊದ್ಲು ಆ ಪುಸ್ತಕದ ಎರಡ್ನೇ ಭಾಗ ಬರ್ಲಿ. ಆ ಹುಡ್ಗ ಏನಾದ ಅಂತ ನೋಡ್ಕಂಡು ಹೇಳ್ತೀನಿ.”

ಬಂದಿದ್ದ ಹಿರಿಯರು ನಕ್ಕರು. ಭೂತಮ್ಮ ನಗಲಿಲ್ಲ. ಕುಮಾರ್ ಒಳ್ಳೆಯವನು, “ಬರ್ಲಿ ಬುಡಿ ಅವ್ವ, ಕಾಯ್ತೀನಿ” ಎಂದು ಜೀಪು ಹತ್ತಿದ.

ಬೀರೇಶ ಬರುತ್ತಾನೆ ತಾನೆ? ಕಥೆ ಬಿಟ್ಟುಕೊಡಬೇಡಿ. ಬರುತ್ತಾನೆ, ಇಲ್ಲ, ಇಷ್ಟೇ ಬರೆಯಿರಿ.

ರುದ್ರಯ್ಯ


ತಿಪಟೂರು
20 ನವೆಂಬರ್ 1998

ಶ್ರೀ ರುದ್ರಯ್ಯನವರಿಗೆ,

ಎಂಟು ತಿಂಗಳು ಉತ್ತರಿಸದೆ ಇದ್ದುದಕ್ಕೆ ಕಾರಣ ಕೊಡುವುದಿಲ್ಲ. ಆರೋಗ್ಯ ಸರಿಯಿಲ್ಲ ಎಂದು ಬರೆಯಬಹುದಿತ್ತು. ಆರೋಗ್ಯ ಚೆನ್ನಾಗಿಯೇ ಇದೆ.

‘ತಾರಾ ದಂಡು: ಎರಡನೆಯ ಯಾತ್ರೆ’ಯ ಒಂದು ಪ್ರತಿಯನ್ನು ಇದರೊಂದಿಗೆ ಕಳುಹಿಸಿದ್ದೇನೆ. ಒಂದು ವಿನಂತಿ. ಎಲ್ಲರೆದುರು ಓದುವ ಮೊದಲು ನೀವೊಬ್ಬರೇ ಒಮ್ಮೆ ಓದಿ.

ರಂಗಸ್ವಾಮಿ


ಯಸಳೂರು
24 ಜನವರಿ 1999

ರಂಗಸ್ವಾಮಿಯವರೇ,

ಒಬ್ಬನೇ ಓದಿದೆ. ನೂರ ಅರವತ್ತೆರಡನೆಯ ಪುಟ ಓದಿ ಪುಸ್ತಕ ಮುಚ್ಚಿದವನು ಎರಡು ದಿನ ಅದನ್ನು ಮುಟ್ಟಲಿಲ್ಲ.

ಬೀರೇಶ ಸತ್ತಿದ್ದಾನೆ. ಠಾಣೆಗೆ ಹೋಗಿ ನೋಡಿದರೆ ಮೂರನೆಯ ದಿನವೇ ಸತ್ತಿದ್ದಾನೆ. ಅಷ್ಟು ವರ್ಷ ಮಿಡಿಯುತ್ತಿದ್ದದ್ದು ಬರೀ ಯಂತ್ರ, ಅವನ ಬೆರಳಲ್ಲ. ವಸುಂಧರಾ ವೈರ್‌ಲೆಸ್ ಆರಿಸಿ, ಬಾಗಿಲು ಮುಚ್ಚಿ ಹಡಗಿಗೆ ವಾಪಸು ಬರುತ್ತಾಳೆ. ಓದುಗನಾಗಿ ನನ್ನ ಅಭಿಪ್ರಾಯ ಕೇಳಿ. ಯುದ್ಧದ ಭಾಗ ಮೊದಲನೆಯದಕ್ಕಿಂತ ಚೆನ್ನಾಗಿದೆ. ಸಾರು, ಮುದ್ದೆ ಎಲ್ಲ ಬಂದಿದೆ, ಸುಲೋಚನಮ್ಮನಿಗೆ ಖುಷಿ. ಆದರೆ ಆ ಪುಟಕ್ಕೆ ನಿಮ್ಮನ್ನು ಕ್ಷಮಿಸಲಾರೆ. ಶಿವುವಿನ ವಿಷಯ ತಿಳಿದ ಮೇಲೂ ಎಂಟು ತಿಂಗಳು ಇತ್ತಲ್ಲ. ಒಂದು ಪುಟ ಬದಲಾಯಿಸಲು ನಿಮಗೆ ಎಷ್ಟು ಹೊತ್ತು ಬೇಕಿತ್ತು?

ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನೇ ಬದಲಾಯಿಸಿದೆ.

ನಮ್ಮಜ್ಜಿ ಕಥೆ ಹೇಳುವಾಗ ಯಾವ ದಿನ ಮಗುವಿಗೆ ಜ್ವರ ಬಂದಿರುತ್ತದೋ ಆ ದಿನ ಕಥೆಯ ರಾಕ್ಷಸ ಯಾರನ್ನೂ ತಿನ್ನುತ್ತಿರಲಿಲ್ಲ. ಅಷ್ಟೇ ನಾನು ಮಾಡಿದ್ದು. ಪುಸ್ತಕ ಎದುರಿಗೆ ಹಿಡಿದು, ಪುಟ ತಿರುಗಿಸುತ್ತಾ, ಬಾಯಿಗೆ ಬಂದದ್ದು ಓದಿದೆ. ಠಾಣೆಯ ಬಾಗಿಲು ಒಳಗಿನಿಂದ ತೆರೆಯಿತು. ಎದೆಯವರೆಗೆ ಗಡ್ಡ ಬಿಟ್ಟ ಬೀರೇಶ ನಿಂತಿದ್ದ. “ಯಾಕೆ ಇಷ್ಟು ತಡ ಮಾಡಿದ್ರಿ?” ಅಂದ.

ವಿಶಾಲಮ್ಮ ಎದ್ದು ಸೆರಗು ಸೊಂಟಕ್ಕೆ ಕಟ್ಟಿ, “ಹೇಳ್ನಿಲ್ವಾ ನಾನು! ಹೇಳ್ನಿಲ್ವಾ!” ಎಂದು ಕೂಗಿದರು. ಆಕೆ ಏನೂ ಹೇಳಿರಲಿಲ್ಲ. ಗುಂಡಯ್ಯ ಗಡ್ಡ ಎಷ್ಟುದ್ದ ಇತ್ತು ಅಂತ ಕೇಳಿದ. ಮಾರನೆಯ ದಿನ ಭೂತಮ್ಮ ಎಲ್ಲರಿಗೂ ಮಂಡಕ್ಕಿ ಬೆಲ್ಲ ಹಂಚಿದರು. ಕೂಡಾವಳಿ ಮಾತು ಅಲ್ಲಿಗೆ ಮುಗಿಯಿತು. ಕುಮಾರ್‌ಗೆ ಹೇಳಿ ಕಳುಹಿಸಿದ್ದಾಗಿದೆ.

ಭೂತಮ್ಮ ನಿಮಗೆ ಒಂದು ಕಾಗದ ಹೇಳಿ ಬರೆಸಿದ್ದಾರೆ. ಇದರೊಳಗೇ ಇಟ್ಟಿದ್ದೇನೆ. ಓದಿ, ಆಮೇಲೆ ನನ್ನನ್ನು ಬೈಯಿರಿ.

ರುದ್ರಯ್ಯ

(ಒಳಗಿನ ಹಾಳೆ)

ಕತೆ ಬರ್ಯೋ ಸ್ವಾಮಿಗೊಳಿಗೆ ಭೂತಮ್ಮ ಮಾಡೋ ನಮಸ್ಕಾರ. ನೀವು ಆ ಹುಡ್ಗುನ್ನ ವಾಪಸ್ ಕರ್ಕಂಡ್ ಬಂದ್ರಿ. ನಿಮ್ ಹೊಟ್ಟೆ ತಣ್ಗಿರ್ಲಿ. ಎಲ್ರೂ ನಂಗೆ ಹೇಳ್ತಿದ್ರು, ಹಿಮದಾಗೆ ಅಷ್ಟ್ ದಿನ ಯಾರೂ ಬದುಕಾಕಿಲ್ಲ ಕಣಮ್ಮಿ ಅಂತ. ನೀವು ಓದಿದೋರು, ಮಿಲ್ಟ್ರಿ ಆಪೀಸ್ನಾಗೆ ಇದ್ದೋರು. ಬದುಕಾಕಿಲ್ಲ ಅಂದ್ರೆ ನೀವು ಬರೀತಿದ್ರಾ? ನಮ್ ಸೊಸೆ ಚಿನ್ನದಂಥೋಳು. ಅವ್ಳ್ ಗಂಡ ಬಂದಾಗ ಮನೇಲಿ ಅವ್ಳು ಇರ್ಬೇಕಲ್ವ್ರಾ. ಶಿವು ಬಂದ್ಮೇಲೆ ನಿಮ್ಮೂರಿಗೇ ಕರ್ಕಂಡ್ ಬತ್ತೀನಿ. ನಾಟಿ ಕೋಳಿ ತತ್ತೀನಿ. ಕತೇಲಿ ಇನ್ನೂ ಯಾರಾದ್ರೂ ಉಳ್ಕಂಡಿದ್ರೆ ಅವ್ರನ್ನೂ ಕರ್ಕಂಡ್ ಬನ್ನಿ.


ತಿಪಟೂರು
6 ಫೆಬ್ರವರಿ 1999

ರುದ್ರಯ್ಯನವರೇ,

ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಏಕಿಲ್ಲ ಎಂದು ಹೇಳುತ್ತೇನೆ.

ನಾನು ಟೈಪ್ ಮಾಡುತ್ತಿದ್ದದ್ದು ಅಂಥ ಕಾಗದಗಳನ್ನೇ. ‘ಕಾಣೆಯಾಗಿದ್ದಾರೆಂದು ತಿಳಿಸಲು ವಿಷಾದಿಸುತ್ತೇವೆ.’ ಹೆಸರಿಗೆ, ನಂಬರಿಗೆ, ಊರಿಗೆ ಜಾಗ ಬಿಟ್ಟ ಕಾಗದ. ನಿಮ್ಮ ಶಿವುವಿನದು ನನ್ನ ಕಚೇರಿಯದಲ್ಲ, ಆಗಲೇ ನಾನು ನಿವೃತ್ತನಾಗಿದ್ದೆ. ಆದರೆ ಮಾತು ಅವೇ.

ಒಬ್ಬ ತಾಯಿ ಇದ್ದಳು. ಎಲ್ಲಿಯವಳೆಂದು ಬರೆಯುವುದಿಲ್ಲ. ಪ್ರತಿ ತಿಂಗಳೂ ಒಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು, ಯಾರ ಕೈಯಲ್ಲೋ ಬರೆಸಿದ್ದು. ನನ್ನ ಮಗನ ಸುದ್ದಿ ಏನಾದರೂ ಇದೆಯೇ? ಫೈಲಿನಲ್ಲಿ ಅವನ ಜೊತೆಗಾರರ ಹೇಳಿಕೆ ಇತ್ತು. ಹಿಮದ ಬಿರುಕಿಗೆ ಅವನು ಬಿದ್ದದ್ದನ್ನು ಇಬ್ಬರು ಕಣ್ಣಾರೆ ಕಂಡಿದ್ದರು. ಹೆಣ ಸಿಗದಿದ್ದರಿಂದ ಕಾಗದದ ಮೇಲೆ ಅವನು ‘ಕಾಣೆ’. ಆ ಹೇಳಿಕೆಯನ್ನು ಆಕೆಗೆ ತಿಳಿಸುವ ಅಧಿಕಾರ ನನಗಿರಲಿಲ್ಲ. ‘ಹೆಚ್ಚಿನ ಮಾಹಿತಿ ಇಲ್ಲ’ ಎಂದು ಟೈಪ್ ಮಾಡಿ ಸಾಹೇಬರ ಸಹಿಗೆ ಇಡುತ್ತಿದ್ದೆ. ಹನ್ನೊಂದು ವರ್ಷ, ತಿಂಗಳಿಗೊಂದು. ಒಂದು ತಿಂಗಳು ಪತ್ರ ಬರಲಿಲ್ಲ. ಅದರ ಮುಂದಿನ ತಿಂಗಳು ಆಕೆಯ ಪತ್ರ ಬರೆದುಕೊಡುತ್ತಿದ್ದವರು ಬರೆದರು: ತೀರಿಕೊಂಡರು, ಬಾಗಿಲಿಗೆ ಚಿಲಕ ಹಾಕಲು ಕೊನೆಯ ದಿನವೂ ಬಿಡಲಿಲ್ಲ.

ಒಂದು ಕಾರ್ಡು ನನ್ನ ಸ್ವಂತ ಹೆಸರಿನಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಕೆಲಸ ಹೋಗುತ್ತದೆಂಬ ಭಯ. ನಿವೃತ್ತನಾದ ಮೇಲೆ ಆ ಕಾರ್ಡಿಗೆ ಬದಲು ಎರಡು ಕಾದಂಬರಿ ಬರೆದೆ. ನೂರ ಅರವತ್ತೆರಡನೆಯ ಪುಟ ಬರೆಯುವುದಕ್ಕಾಗಿಯೇ ಉಳಿದ ಪುಟಗಳೆಲ್ಲ. ಭೂತಮ್ಮನವರ ಸಂಗತಿ ತಿಳಿದ ಮೇಲೆ ಎಂಟು ತಿಂಗಳಲ್ಲಿ ಆ ಪುಟವನ್ನು ಹಲವು ಸಲ ಹರಿದಿದ್ದೇನೆ. ಮತ್ತೆ ಅದನ್ನೇ ಬರೆದೆ.

ಈಗ ನಿಮಗೊಂದು ಪ್ರಶ್ನೆ. ನಿಮ್ಮ ಮೂರು ಪತ್ರಗಳನ್ನು ಎದುರಿಗೆ ಇಟ್ಟುಕೊಂಡಿದ್ದೇನೆ. ಸುಲೋಚನಮ್ಮ, ವಿಶಾಲಮ್ಮ, ಗುಂಡಯ್ಯ, ಭೂತಮ್ಮ, ಎಲ್ಲರ ಅಭಿಪ್ರಾಯ ಇದೆ. ಬೀರೇಶ ಬಂದದ್ದರ ಬಗ್ಗೆ ಚಂದ್ರಿಕಾ ಏನೆಂದರು? ನೀವು ಬರೆದಿಲ್ಲ. ಕೇಳಿದಿರಾ?

ಆ ಪುಟವನ್ನು ಇದ್ದ ಹಾಗೆ ಓದಿ. ಕುಮಾರ್ ಇನ್ನೂ ಕಾಯುತ್ತಿರಬಹುದು.

ರಂಗಸ್ವಾಮಿ


ಯಸಳೂರು
20 ಜೂನ್ 1999

ರಂಗಸ್ವಾಮಿಯವರೇ,

ಈ ಸಲ ನಾಲ್ಕು ತಿಂಗಳು ಸುಮ್ಮನಿದ್ದವನು ನಾನು.

ನಿಮ್ಮ ಕಾಗದ ಬಂದ ದಿನವೇ ಓದಬೇಕಿತ್ತು. ನಾಳೆ ಓದೋಣ ಅಂದುಕೊಂಡೆ. ರೊಬಸ್ಟಾ ಕಾಫಿಯ ಕೊಯ್ಲು ಬಂತು. ಮೆಣಸು ಬಂತು. ಸ್ಟೋರಿನಲ್ಲಿ ಕುಳಿತರೆ ಭೂತಮ್ಮ ನಗುತ್ತಿದ್ದರು, ಆ ನಗುವನ್ನು ನೋಡಿದ ಮೇಲೆ ಬಾಯಿ ಬರುತ್ತಿರಲಿಲ್ಲ. ಸುಲೋಚನಮ್ಮ ತಮಾಷೆಗೆ, “ಏನ್ ಭೂತಕ್ಕ, ಮಗ ಗಡ್ಡ ಬುಟ್ಕಂಡು ಬಂದ್ರೆ ಗುರ್ತು ಹಿಡೀತೀಯಾ?” ಅಂದರೆ, “ನಾನ್ ಹೆತ್ತ ಮೊಕ ಕಣೇ, ಗಡ್ಡದೊಳ್ಗೆ ಕೈ ಹಾಕಿ ಹುಡುಕ್ತೀನಿ” ಎನ್ನುತ್ತಿದ್ದರು. ಇದನ್ನು ಹೇಗೆ ಮುರಿಯುವುದು ಹೇಳಿ.

ಆಮೇಲೆ ಯುದ್ಧ ಬಂತು. ಕಾರ್ಗಿಲ್ ಎಂದು ರೇಡಿಯೊ ದಿನವೂ ಹೇಳುತ್ತಿದೆ. ಎಲ್ಲರ ಮುಖ ಬಾಡಿದೆ, ಭೂತಮ್ಮನದು ಮಾತ್ರ ಅರಳಿತು. ಮಧ್ಯಾಹ್ನ ಆಫೀಸಿನ ಕಿಟಕಿಯ ಹತ್ತಿರ ಬಂದು ನಿಂತು ವಾರ್ತೆ ಕೇಳುತ್ತಿದ್ದರು. ಎಂಟು ದಿನದ ಹಿಂದೆ ನನಗೆ ಹೇಳಿದರು: “ಈಗ ದಂಡು ಹಿಮದ ಬೆಟ್ಟ ಹತ್ತೈತೆ ಅಂತೆ ರೈಟ್ರಪ್ಪ. ನಿನ್ ಪುಸ್ತಕದಾಗೆ ಹಿಂಗೇ ಅಲ್ವಾ ತಿರ್ಗಾ ಹೋಗಿದ್ದು? ನಮ್ ಶಿವು ಅಲ್ಲೇ ಎಲ್ಲೋ ಬಾಗ್ಲು ಹಾಕ್ಕಂಡು ಕುಂತವ್ನೆ. ಈ ಸಲ ಸಿಕ್ತಾನೆ.” ಚಂದ್ರಿಕಾಳಿಗೆ ಮನೆ ಸಾರಿಸಲು ಹೇಳಿದ್ದರಂತೆ. ಅವಳು ಸಾರಿಸಿದ್ದಳಂತೆ.

ಆವತ್ತು ಪುಸ್ತಕ ಹಿಡಿದುಕೊಂಡು ಅವರ ಲೈನ್ ಮನೆಗೆ ಹೋದೆ. ಬಾಗಿಲ ಬಳಿ ಅತ್ತೆ ಕುಳಿತಿದ್ದರು, ಒಳಗೆ ಸೊಸೆ ಒಲೆ ಮುಂದೆ. “ಭೂತಮ್ಮ, ನಾನು ಒಂದು ಕಡೆ ತಪ್ಪು ಓದಿದ್ದೆ. ಈಗ ಸರಿಯಾಗಿ ಓದುತ್ತೇನೆ, ಕೇಳಿ” ಅಂದೆ. ನೂರ ಅರವತ್ತೆರಡು ತೆಗೆದೆ. ವಸುಂಧರಾ ಬಾಗಿಲ ಮೇಲೆ ಕೈ ಇಟ್ಟಳು ಎಂಬ ಸಾಲಿನವರೆಗೆ ಬಂದೆ. ನಾಲ್ಕು ವರ್ಷ ಗಂಟೆಗಟ್ಟಲೆ ಓದಿದವನಿಗೆ ಒಂದು ಸಾಲು ಮುಂದೆ ಹೋಗಲಾಗಲಿಲ್ಲ.

ಒಳಗಿನಿಂದ ಚಂದ್ರಿಕಾ ಮುಂದಿನ ಸಾಲು ಹೇಳಿದಳು.

ಪುಸ್ತಕ ನನ್ನ ಕೈಯಲ್ಲಿತ್ತು. ಅವಳು ಕೈ ಒರೆಸಿಕೊಳ್ಳುತ್ತಾ ಬಂದು ಅತ್ತೆಯ ಪಕ್ಕದಲ್ಲಿ ಕುಳಿತು, ನೀವು ಬರೆದದ್ದನ್ನು ಒಂದು ಮಾತೂ ತಪ್ಪದೆ ಹೇಳಿಕೊಂಡು ಹೋದಳು. ಮಂಜುಗಟ್ಟಿದ ಬೆರಳು, ತಾನಾಗಿ ಮಿಡಿಯುವ ಯಂತ್ರ, ಮೂರನೆಯ ದಿನದ ತಾರೀಖು. ನಾನು ಪುಟದ ಮೇಲೆ ಬೆರಳಿಟ್ಟು ನೋಡುತ್ತಿದ್ದೆ. ಸ್ಟೋರ್ ಗುಡಿಸಲು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಅವಳೇ. ಪುಸ್ತಕ ಕಿಟಕಿಯ ಗೂಡಿನಲ್ಲಿಯೇ ಇರುತ್ತಿತ್ತು. ನನಗೆ ಹೊಳೆದಿರಲಿಲ್ಲ.

ಭೂತಮ್ಮ ನನ್ನನ್ನು ನೋಡಲಿಲ್ಲ. ಸೊಸೆಯನ್ನೇ ಕೇಳಿದರು.

“ನಿಂಗೆ ಗೊತ್ತಿತ್ತೇನೇ?”

“ಗೊತ್ತಿತ್ತು ಅತ್ತೆ.”

“ಯಾವಾಗಿಂದ?”

“ರೈಟರಣ್ಣ ಓದೋಕೆ ಎಂಟು ದಿನ ಮೊದ್ಲಿಂದ.”

“ಬಾಯಿ ಯಾಕ್ ಬುಡ್ನಿಲ್ಲ?”

“ಅವ್ರು ಓದಿದ ದಿನ ನೀವು ಎರಡನೇ ಮುದ್ದೆ ಹಾಕಿಸ್ಕಂಡ್ರಿ ಅತ್ತೆ. ಐದ್ ವರ್ಸದಲ್ಲಿ ಮೊದಲ್ನೇ ಸಲ.”

ಭೂತಮ್ಮ ಎದ್ದು ಒಳಗೆ ಹೋದರು. ಅಳುವ ಸದ್ದು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಅದಾಗಿ ಎಂಟು ದಿನ. ಕೆಲಸಕ್ಕೆ ಬಂದಿಲ್ಲ, ಕಿಟಕಿಗೂ ಬಂದಿಲ್ಲ.

ಕುಮಾರ್ ವಿಷಯ. ನಾನು ಮರುದಿನವೇ ಬಸ್ಸು ಹತ್ತಿ ಕೆ. ಹೊಸಕೋಟೆಗೆ ಹೋದೆ. ಅವನು ಮೇ ತಿಂಗಳಲ್ಲಿ ಆಲೂರಿನ ಕಡೆಯ ಹುಡುಗಿಯನ್ನು ಮದುವೆಯಾಗಿದ್ದಾನೆ. ಜೀಪಿಗೆ ಇನ್ನೂ ಮಾವಿನ ಎಲೆ ಕಟ್ಟಿತ್ತು. ಟೀ ಕುಡಿಸಿದ. “ಏಪ್ರಿಲ್‌ವರ್ಗೂ ಕಾದೆ ಅಣ್ಣ. ಆ ಪುಸ್ತಕದಾಗೆ ಸಿಪಾಯಿ ಬದುಕಿ ಬಂದ ಅಂದ್ರು. ಇನ್ನೇನ್ ಕಾಯಾದು?” ಅಂದ. ನಾನು ಟೀ ಲೋಟ ಕೆಳಗಿಟ್ಟು ಬಂದೆ. ಆ ಸಿಪಾಯಿಯನ್ನು ಬದುಕಿಸಿದವನು ನಾನು ಎಂದು ಅವನಿಗೆ ಹೇಳಲಿಲ್ಲ.

ನೀವು ಹನ್ನೊಂದು ವರ್ಷ ಒಂದು ಕಾರ್ಡು ಬರೆಯಲಿಲ್ಲ. ನಾನು ನಾಲ್ಕು ತಿಂಗಳು ಒಂದು ಪುಟ ಓದಲಿಲ್ಲ. ನಿಮ್ಮನ್ನು ಕ್ಷಮಿಸಲಾರೆ ಎಂದು ಬರೆದಿದ್ದೆ. ಆ ಸಾಲು ಹೊಡೆದುಹಾಕಿಕೊಳ್ಳಿ.

ರುದ್ರಯ್ಯ


ಯಸಳೂರು
29 ಆಗಸ್ಟ್ 1999

ಲೇಖಕರಾದ ರಂಗಸ್ವಾಮಿಯವರಿಗೆ ಚಂದ್ರಿಕಾ ಮಾಡುವ ನಮಸ್ಕಾರಗಳು.

ನೀವು ನನ್ನ ಅಭಿಪ್ರಾಯ ಕೇಳಿದ್ದಿರೆಂದು ರೈಟರಣ್ಣ ಈಗ ಹೇಳಿದರು. ನಿಮ್ಮ ಕಾಗದವನ್ನೂ ಓದಲು ಕೊಟ್ಟರು. ನನ್ನನ್ನು ಯಾರೂ ಏನೂ ಕೇಳಿದ್ದು ನೆನಪಿಲ್ಲ, ಆದ್ದರಿಂದ ಬರೆಯಲು ತಡವಾಯಿತು. ತಪ್ಪಿದ್ದರೆ ತಿದ್ದಿಕೊಳ್ಳಿ.

ಎರಡನೆಯ ಭಾಗ ನನಗೆ ಹಿಡಿಸಿತು. ನೂರ ಅರವತ್ತೆರಡನೆಯ ಪುಟವನ್ನು ಮೊದಲು ಓದಿದಾಗ ಪೊರಕೆ ಹಿಡಿದುಕೊಂಡೇ ಕೆಳಗೆ ಕುಳಿತೆ. ಅಳು ಬಂತು. ಅತ್ತದ್ದು ದುಃಖಕ್ಕೆ ಮಾತ್ರ ಅಲ್ಲ. ಐದು ವರ್ಷ ನನ್ನ ಎದುರು ಯಾರೂ ‘ಸತ್ತ’ ಎಂಬ ಮಾತು ಆಡಿರಲಿಲ್ಲ. ಪುಸ್ತಕ ಆಡಿತು. ದಿನಾ ಬೆಳಿಗ್ಗೆ ಆ ಪುಟ ಓದುತ್ತಿದ್ದೆ, ಅದಕ್ಕೇ ಬಾಯಿಗೆ ಬಂತು.

ರೈಟರಣ್ಣ ಬೇರೆ ಥರ ಓದಿದ ದಿನವೂ ಕೇಳಿಸಿಕೊಂಡೆ. ಸುಳ್ಳು ಎಂದು ಗೊತ್ತಿದ್ದೂ ಅವರು ಬಾಗಿಲು ತೆರೆಯಿತು ಅಂದಾಗ ನನ್ನ ಕೈ ನಿಂತಿತು. ಅವರ ಮೇಲೆ ಸಿಟ್ಟಿಲ್ಲ. ಹೊಸಕೋಟೆಯವರ ಮೇಲೂ ಇಲ್ಲ. ಅವರು ಬಂದ ದಿನ ಜೀಪಿನ ಗಾಜಿನಲ್ಲಿ ನನ್ನ ಮುಖ ಕಂಡಿತ್ತು. ತಲೆ ಬಾಚಿರಲಿಲ್ಲ ಎಂದು ಈಗಲೂ ನೆನಪಾಗುತ್ತದೆ.

ಒಂದು ತಕರಾರಿದೆ. ಬಾಗಿಲು ಮುಚ್ಚಿ ಬಂದ ವಸುಂಧರಾಳನ್ನು ನೀವು ಹಡಗು ಹತ್ತಿಸಿ ಮತ್ತೆ ಯುದ್ಧಕ್ಕೆ ಕಳುಹಿಸಿಬಿಟ್ಟಿರಿ. ಆ ರಾತ್ರಿ ಅವಳು ಊಟ ಮಾಡಿದಳೋ ಇಲ್ಲವೋ ಬರೆಯಲಿಲ್ಲ. ನಾವು ಮಾಡಲಿಲ್ಲ.

ಅತ್ತೆಯ ವಿಷಯ. ಹೋದ ತಿಂಗಳು ಅತ್ತೆ, ನಾನು ಹೊಳೆಯ ಹತ್ತಿರ ಹೋಗಿ ನಮ್ಮ ಯಜಮಾನರಿಗೆ ಎಡೆ ಇಟ್ಟು ಬಂದೆವು. ಶಾಸ್ತ್ರ ಮಾಡಿಸುವ ದಾಸಯ್ಯನನ್ನು ಅತ್ತೆ ಕರೆಸಿದ್ದರು, ಅವನು ಶಂಖ ಊದಿದ. ಹಚ್ಚಿ ಸುಡಲು ಏನೂ ಇಲ್ಲದ್ದರಿಂದ ಅವರ ಒಂದು ಅಂಗಿಯನ್ನು ಹೊಳೆಗೆ ಬಿಟ್ಟೆವು. ನೀರು ಜೋರಾಗಿತ್ತು, ಬೇಗ ಹೋಯಿತು. ಮನೆಗೆ ಬಂದ ಮೇಲೆ ಅತ್ತೆ ಪೆಟ್ಟಿಗೆಯಿಂದ ಒಂದು ಹೊಸ ಸೀರೆ ತೆಗೆದು ನನ್ನ ಮಡಿಲಿಗೆ ಹಾಕಿದರು. ಹಸಿರು, ಕೆಂಪಂಚು. ನಾನು ಕೇಳಿದೆ, “ಯಾರೂ ಕೇಳಾಕೆ ಬಂದಿಲ್ವಲ್ಲ ಅತ್ತೆ, ಈಗ್ಯಾಕೆ?” ಅಂತ.

“ಯಾರಾದ್ರೂ ಬರ್ಲಿ, ಬರ್ದೇ ಇರ್ಲಿ. ನೀನು ಇನ್ಮೇಲೆ ಕಾಯೋಳಲ್ಲ” ಅಂದರು. “ತಡ ಮಾಡ್ಬುಟ್ಟೆ ಕಣಮ್ಮಿ” ಅಂದರು. ಆಮೇಲೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಸೀರೆ ಉಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಿದ್ದೇನೆ. ಬೇರೆ ಊರಿಗೆ ಹೋಗುವ ಮಾತು ಸದ್ಯಕ್ಕಿಲ್ಲ. ಸ್ಟೋರಿನಲ್ಲಿ ಕಥೆ ಓದುವ ಕೆಲಸವನ್ನು ರೈಟರಣ್ಣ ನನಗೆ ಬಿಟ್ಟುಕೊಟ್ಟಿದ್ದಾರೆ, ಕೊಯ್ಲು ಮುಗಿದ ಮೇಲೆ ಶುರು.

ಅತ್ತೆ ಈಗ ಮಗನ ಹೆಸರು ಹೇಳುವಾಗ ‘ಇದ್ದ’ ಎನ್ನುತ್ತಾರೆ. ಆದರೆ ನಿಮ್ಮ ಪುಟದಿಂದ ಒಂದು ಮಾತು ಅವರನ್ನು ಬಿಟ್ಟಿಲ್ಲ. ಮೂರನೆಯ ದಿನ ಸತ್ತ ಎಂದು ಬರೆದಿದ್ದೀರಿ. ಮೊದಲ ಎರಡು ದಿನ ಬದುಕಿದ್ದನಲ್ಲ ಎಂದು ಅವರ ಲೆಕ್ಕ. ಒಲೆ ಮುಂದೆ ಕುಳಿತು ಇದ್ದಕ್ಕಿದ್ದಂತೆ ಕೇಳುತ್ತಾರೆ. ನನಗೆ ಹೇಳಲು ಗೊತ್ತಾಗುವುದಿಲ್ಲ. ನಾನು ಕಟ್ಟಿ ಹೇಳುವುದಿಲ್ಲ ಎಂದು ನಿರ್ಧಾರ ಮಾಡಿದ್ದೇನೆ. ನೀವೇ ಬರೆದವರು, ನಿಮಗೆ ಗೊತ್ತಿರುತ್ತದೆ. ಅವರು ಹೇಳಿದ ಹಾಗೇ ಬರೆಯುತ್ತಿದ್ದೇನೆ:

“ಆ ಎರಡ್ ದಿನ ಚಳೀಗೆ ಏನ್ ಹೊದ್ಕಂಡಿದ್ದ ಅಂತ ಕೇಳು.”

ಇಂತಿ
ಚಂದ್ರಿಕಾ